ಕೇಬಲ್ ಇರಲೇಬೇಕು, ಪ್ಯಾಡ್ ಇದ್ದರೆ ಒಳ್ಳೆಯದು

ಎಷ್ಟು ಜನರ ಇಯರ್‌ಬಡ್‌ಗೆ ವೈರ್‌ಲೆಸ್ ಚಾರ್ಜಿಂಗ್ ಇದೆ ಎಂದು ಕೇಳಿದಾಗ ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ಅದನ್ನು ಚಾರ್ಜಿಂಗ್ ಪ್ಯಾಡ್ ಎಂಬ ಚಪ್ಪಟೆ ಬಿಲ್ಲೆಯ ಮೇಲೆ ಇಟ್ಟು ಚಾರ್ಜ್ ಮಾಡುವವರು ಮಾತ್ರ ಕೈ ಎತ್ತಿಕೊಂಡಿರಿ ಎಂದಾಗ ಉಳಿದದ್ದು ನಾಲ್ಕೇ ಕೈ. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಪೆಟ್ಟಿಗೆಯ ಮೇಲೆ ‘ವೈರ್‌ಲೆಸ್’ ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಆ ಪದ ಹೇಳುವುದು ಹಾಡು ಫೋನಿನಿಂದ ಕಿವಿಗೆ ಹೇಗೆ ಬರುತ್ತದೆ ಎಂಬುದನ್ನು. ವಿದ್ಯುತ್ತು ಬ್ಯಾಟರಿಗೆ ಹೇಗೆ ಹೋಗುತ್ತದೆ ಎಂಬುದು ಬೇರೆಯೇ ಸಂಗತಿ. ಅದು ಪೆಟ್ಟಿಗೆಯ ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ ಎಲ್ಲೋ ಇರುತ್ತದೆ. ಕೊಳ್ಳುವಾಗ ಅದನ್ನು ಓದುವವರು ಕಡಿಮೆ.

ನಾನು ಹಲವು ವರ್ಷಗಳಿಂದ ಕೆಟ್ಟುಹೋದ ಹೆಡ್‌ಫೋನ್, ಇಯರ್‌ಬಡ್‌ಗಳನ್ನು ಬಿಚ್ಚಿ ನೋಡುತ್ತಾ, ಆಗುವಷ್ಟನ್ನು ಸರಿಪಡಿಸುತ್ತಾ ಬಂದಿದ್ದೇನೆ. ಹೊಸದನ್ನು ಕೊಳ್ಳಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಕೇಬಲ್ ಸಾಕೇ, ಅಥವಾ ವೈರ್‌ಲೆಸ್ ಚಾರ್ಜಿಂಗ್ ಇರುವುದನ್ನೇ ಹುಡುಕಬೇಕೇ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೇಬಲ್ ಚುಚ್ಚಲು ಜಾಗ ಇರಲೇಬೇಕು. ಇಯರ್‌ಬಡ್‌ಗೆ ಪ್ಯಾಡ್ ಸೌಲಭ್ಯವೂ ಇದ್ದರೆ ಒಳ್ಳೆಯದು. ದೊಡ್ಡ ಹೆಡ್‌ಫೋನ್‌ಗೆ ಅದರ ಅಗತ್ಯವಿಲ್ಲ. ಈ ಮಾತಿಗೆ ನನ್ನ ಬಳಿ ಇರುವ ಕಾರಣಗಳು ಜಾಹೀರಾತಿನಲ್ಲಿ ಕಾಣುವ ಕಾರಣಗಳಲ್ಲ.

ಈ ಮೇಜಿನ ಮೇಲೆ ಬಿಚ್ಚಿಟ್ಟಿರುವ ಕೇಸನ್ನು, ಅಂದರೆ ಇಯರ್‌ಬಡ್ ಇಟ್ಟುಕೊಳ್ಳುವ ಪುಟ್ಟ ಡಬ್ಬಿಯನ್ನು, ನೋಡಿ. ಹಿಂದಿನ ಸಾಲಿನವರು ಆಮೇಲೆ ಹತ್ತಿರ ಬಂದು ನೋಡಬಹುದು. ಒಂದು ಜೋಡಿ ಇಯರ್‌ಬಡ್ ಎಂದರೆ ಮೂರು ಬ್ಯಾಟರಿಗಳ ಸಂಸಾರ. ಎಡ ಬಡ್‌ನಲ್ಲೊಂದು, ಬಲ ಬಡ್‌ನಲ್ಲೊಂದು, ಕೇಸಿನಲ್ಲೊಂದು. ಬಡ್‌ನೊಳಗಿನದು ಉಗುರಿನಷ್ಟು ಚಿಕ್ಕದು, ಸಾಮಾನ್ಯವಾಗಿ 40ರಿಂದ 60 ಮಿಲಿಆಂಪ್ ಅವರ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬುದರ ಅಳತೆ). ಕೇಸಿನದು ಅದರ ಹತ್ತು ಪಟ್ಟು, 300ರಿಂದ 600ರ ಆಸುಪಾಸು. ನೀವು ಪ್ಯಾಡ್ ಮೇಲೆ ಇಟ್ಟಾಗ ತಂತಿಯಿಲ್ಲದೆ ಚಾರ್ಜ್ ಆಗುವುದು ಕೇಸಿನ ಬ್ಯಾಟರಿ ಮಾತ್ರ. ಕೇಸಿನಿಂದ ಬಡ್‌ಗೆ ವಿದ್ಯುತ್ತು ಹೋಗುವುದು ಇಲ್ಲಿ ಕಾಣುವ ಈ ಪುಟ್ಟ ಲೋಹದ ಪಿನ್‌ಗಳ ಮೂಲಕ. ಲೋಹಕ್ಕೆ ಲೋಹ ತಾಗಬೇಕು, ಆಗಲೇ ಕಿವಿಗೆ ಹಾಡು. ಎಷ್ಟೇ ದುಬಾರಿ ಇಯರ್‌ಬಡ್ ತೆಗೆದುಕೊಂಡರೂ ಸಾಮಾನ್ಯವಾಗಿ ಕೊನೆಯ ಈ ಅರ್ಧ ಮಿಲಿಮೀಟರ್ ಹಾದಿ ಹಳೆಯ ಕಾಲದ್ದೇ.

ವೈರ್‌ಲೆಸ್ ಚಾರ್ಜಿಂಗ್ ಬಡ್‌ನ ಗುಣವಲ್ಲ, ಕೇಸಿನ ಗುಣ ಎನ್ನುವುದಕ್ಕೆ ಒಳ್ಳೆಯ ಉದಾಹರಣೆ ಇದೆ. ಆಪಲ್ ಕಂಪನಿಯ ಏರ್‌ಪಾಡ್ಸ್ ಮೊದಲು ಬಂದದ್ದು 2016ರಲ್ಲಿ, ಆಗ ಅದಕ್ಕೆ ಕೇಬಲ್ ಒಂದೇ ದಾರಿ. 2019ರಲ್ಲಿ ಅದೇ ಕಂಪನಿ ಪ್ಯಾಡ್ ಮೇಲೆ ಚಾರ್ಜ್ ಆಗುವ ಕೇಸನ್ನು ಬಿಡಿಯಾಗಿಯೂ ಮಾರಿತು. ಹಳೆಯ ಬಡ್‌ಗಳನ್ನೇ ಹೊಸ ಕೇಸಿಗೆ ಹಾಕಿದರೆ ಸಾಕಾಗುತ್ತಿತ್ತು. ಬಡ್‌ಗೆ ಏನೂ ಆಗಬೇಕಿರಲಿಲ್ಲ. ಇದರ ಇನ್ನೊಂದು ಮುಖವೂ ಇದೆ. 2024ರ ಏರ್‌ಪಾಡ್ಸ್ 4 ಎರಡು ಬಗೆಯಲ್ಲಿ ಬಂತು. ಹೊರಗಿನ ಗದ್ದಲವನ್ನು ತಗ್ಗಿಸುವ ಬಗೆಯದಕ್ಕೆ ಮಾತ್ರ ವೈರ್‌ಲೆಸ್ ಚಾರ್ಜಿಂಗ್ ಕೇಸ್, ಇನ್ನೊಂದಕ್ಕೆ ಇಲ್ಲ. ಹೆಸರು ಒಂದೇ, ನೋಟವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಹೆಸರು ನೋಡಿ ಕೊಳ್ಳಬೇಡಿ, ಸಣ್ಣ ಅಕ್ಷರಗಳನ್ನು ಓದಿ ಕೊಳ್ಳಿ.

ಪ್ಯಾಡ್ ಕೆಲಸ ಮಾಡುವ ಬಗೆ ತುಂಬಾ ಸೊಗಸಾದದ್ದು. 1831ರಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಒಂದು ಬಳೆಗೆ ಎರಡು ಕಡೆ ತಂತಿಯ ಸುರುಳಿ ಸುತ್ತಿದ. ಒಂದು ಸುರುಳಿಗೆ ವಿದ್ಯುತ್ತನ್ನು ಜೋಡಿಸಿದ ಕ್ಷಣ, ಮತ್ತೆ ಕಡಿದ ಕ್ಷಣ, ಇನ್ನೊಂದು ಸುರುಳಿಯಲ್ಲಿ ವಿದ್ಯುತ್ತು ಮಿಂಚಿ ಮಾಯವಾಯಿತು. ಎರಡಕ್ಕೂ ನಡುವೆ ತಂತಿಯ ನಂಟು ಇರಲಿಲ್ಲ. ಬದಲಾಗುವ ಕಾಂತಕ್ಷೇತ್ರ ಪಕ್ಕದ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂಬ ಆ ಒಂದು ಸಂಗತಿಯ ಮೇಲೆ ಜಗತ್ತಿನ ಜನರೇಟರ್‌ಗಳೂ ಟ್ರಾನ್ಸ್‌ಫಾರ್ಮರ್‌ಗಳೂ ನಿಂತಿವೆ. ನಿಮ್ಮ ಪ್ಯಾಡ್ ಆ ಬಳೆಯ ಅರ್ಧ ಭಾಗ, ಕೇಸಿನ ತಳ ಉಳಿದರ್ಧ. ಪ್ಯಾಡಿನ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಒಂದು ಲಕ್ಷಕ್ಕೂ ಹೆಚ್ಚು ಬಾರಿ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ. ಕೆಲವೇ ಮಿಲಿಮೀಟರ್ ದೂರದಲ್ಲಿರುವ ಕೇಸಿನ ಸುರುಳಿ ಅದನ್ನು ಹಿಡಿದುಕೊಳ್ಳುತ್ತದೆ.

ಇದು ಫೋನಿನ ಜೊತೆ ಹುಟ್ಟಿದ್ದೂ ಅಲ್ಲ. ಚಾರ್ಜ್ ಮಾಡುವ ಹಲ್ಲುಜ್ಜುವ ಬ್ರಷ್‌ಗಳು ದಶಕಗಳಿಂದ ಇದೇ ಉಪಾಯದಿಂದ ನಡೆಯುತ್ತಿವೆ. ನೀರಿನಲ್ಲೇ ಬಾಳುವ ವಸ್ತುವಿಗೆ ತೂತು ಕೊರೆದು ಪಿನ್ ಇಡಲು ಆಗುವುದಿಲ್ಲ. ಎಲ್ಲ ಕಡೆ ಮುಚ್ಚಿ, ಸುರುಳಿಯ ಮೂಲಕ ಚಾರ್ಜ್ ಮಾಡಿದರು. ಇದನ್ನು ನೆನಪಿನಲ್ಲಿಡಿ, ಬೆವರಿನ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಇಂದು ಬಹುತೇಕ ಎಲ್ಲ ಪ್ಯಾಡ್‌ಗಳೂ ಅನುಸರಿಸುವ ನಿಯಮದ ಹೆಸರು ‘ಚೀ’ (Qi). 2008ರಲ್ಲಿ ರೂಪುಗೊಂಡ ವೈರ್‌ಲೆಸ್ ಪವರ್ ಕನ್ಸಾರ್ಷಿಯಮ್ ಎಂಬ ಕಂಪನಿಗಳ ಕೂಟ ಅದನ್ನು ರೂಪಿಸಿತು. ನಮ್ಮ ಕಿವಿಗೆ ಗದರಿಕೆಯಂತೆ ಕೇಳಿಸುವ ಆ ಪದಕ್ಕೆ ಚೀನೀ ಭಾಷೆಯಲ್ಲಿ ಉಸಿರು, ಪ್ರಾಣಶಕ್ತಿ ಎಂಬ ಅರ್ಥಗಳಿವೆ, ಒಳ್ಳೆಯ ಹೆಸರು. ಈ ನಿಯಮದ ಚೆಲುವು ಏನೆಂದರೆ ಪ್ಯಾಡ್ ಮತ್ತು ಕೇಸ್ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಪ್ಯಾಡ್ ಆಗಾಗ ಸಣ್ಣದೊಂದು ಮಿಡಿತ ಕಳುಹಿಸಿ ‘ಮೇಲೆ ಯಾರಾದರೂ ಇದ್ದೀರಾ’ ಎಂದು ವಿಚಾರಿಸುತ್ತದೆ. ಕೇಸ್ ತಾನು ಎಳೆದುಕೊಳ್ಳುವ ಹೊರೆಯನ್ನು ಹೆಚ್ಚುಕಡಿಮೆ ಮಾಡಿ, ಅದೇ ಕಾಂತಕ್ಷೇತ್ರದ ಮೂಲಕ, ತಾನು ಯಾರು, ಎಷ್ಟು ಬೇಕು, ಯಾವಾಗ ಸಾಕು ಎಂಬುದನ್ನು ತಿಳಿಸುತ್ತದೆ. ಪ್ಯಾಡಿನ ಮೇಲೆ ನಾಣ್ಯವೋ ಬೀಗದ ಕೈಯೋ ಬಿದ್ದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ; ಕಳುಹಿಸಿದ್ದಕ್ಕೂ ತಲುಪಿದ್ದಕ್ಕೂ ವ್ಯತ್ಯಾಸ ಕಂಡು ಪ್ಯಾಡ್ ನಿಂತುಬಿಡುತ್ತದೆ. ನಿಂತಾಗ ಬೈಯಬೇಡಿ. ಅದು ನಿಮ್ಮ ಮೇಜನ್ನು ಕಾಪಾಡುತ್ತಿದೆ.

ಈಗ ಪೋಲಾಗುವ ವಿದ್ಯುತ್ತಿನ ಮಾತು. ವೈರ್‌ಲೆಸ್ ಚಾರ್ಜಿಂಗ್ ದಂಡ, ಅರ್ಧ ಕರೆಂಟು ಗಾಳಿಗೆ ಹೋಗುತ್ತದೆ ಎಂದು ಹೇಳುವವರನ್ನು ನೀವು ಕೇಳಿರುತ್ತೀರಿ. ಸೋರಿಕೆ ಇರುವುದು ನಿಜ. ಆದರೆ ನಾವು ಮಾತಾಡುತ್ತಿರುವುದು ಕಾರಿನ ಬ್ಯಾಟರಿಯ ಬಗ್ಗೆ ಅಲ್ಲ, ಒಂದು ಪುಟ್ಟ ಡಬ್ಬಿಯ ಬಗ್ಗೆ. ಸ್ವಲ್ಪ ಲೆಕ್ಕ ಹಾಕೋಣ. 500 ಮಿಲಿಆಂಪ್ ಅವರ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 2 ವ್ಯಾಟ್ ಅವರ್. ಪ್ಯಾಡಿನ ಹಾದಿಯಲ್ಲಿ ಮೂರನೇ ಒಂದು ಭಾಗ ಸೋರುತ್ತದೆ ಎಂದೇ ಇಟ್ಟುಕೊಳ್ಳಿ. ಹಾಗಾದರೆ ಗೋಡೆಯಿಂದ 3 ಎಳೆದು 2 ತುಂಬುತ್ತೇವೆ, 1 ಹಾಳಾಗುತ್ತದೆ. ವಾರಕ್ಕೆ ಎರಡು ಬಾರಿಯಂತೆ ವರ್ಷಕ್ಕೆ 104 ವ್ಯಾಟ್ ಅವರ್. ಒಂದು ಯೂನಿಟ್ ಎಂದರೆ 1000 ವ್ಯಾಟ್ ಅವರ್. ಅದರ ಹತ್ತನೇ ಒಂದು ಭಾಗ. 10 ವ್ಯಾಟ್‌ನ ಎಲ್‌ಇಡಿ ಬಲ್ಬನ್ನು ಒಂದು ದಿನ ಹತ್ತು ಗಂಟೆ ಉರಿಸಿದಷ್ಟು. ಇಷ್ಟಕ್ಕಾಗಿ ಯಾರೂ ಮನಸ್ಸು ನೋಯಿಸಿಕೊಳ್ಳಬೇಕಿಲ್ಲ.

ಆದರೆ ಅದೇ ಪ್ಯಾಡನ್ನು ವರ್ಷವಿಡೀ ಪ್ಲಗ್‌ನಲ್ಲೇ ಬಿಟ್ಟರೆ? ಮೇಲೆ ಏನೂ ಇಲ್ಲದಿದ್ದರೂ ಅದು ಮಿಡಿಯುತ್ತಲೇ ಇರುತ್ತದೆ. ಖಾಲಿ ಕುಳಿತಾಗ ಕಾಲು ವ್ಯಾಟ್ ತಿನ್ನುತ್ತದೆ ಎಂದು ಹಿಡಿದರೂ ವರ್ಷಕ್ಕೆ 2 ಯೂನಿಟ್ ದಾಟುತ್ತದೆ. ಚಾರ್ಜ್ ಮಾಡುವಾಗ ಸೋರಿದ್ದರ ಇಪ್ಪತ್ತು ಪಟ್ಟು! ಆದ್ದರಿಂದ ವಿದ್ಯುತ್ತಿನ ಬಗ್ಗೆ ಕಾಳಜಿ ಇರುವವರು ಕೇಬಲ್ಲೋ ಪ್ಯಾಡೋ ಎಂದು ತಲೆಕೆಡಿಸಿಕೊಳ್ಳುವ ಬದಲು, ಕೆಲಸ ಮುಗಿದ ಮೇಲೆ ಸ್ವಿಚ್ ಆರಿಸುವುದನ್ನು ರೂಢಿಸಿಕೊಳ್ಳಿ. ಇಯರ್‌ಬಡ್‌ಗಾಗಿಯೇ ಹೊಸ ಪ್ಯಾಡ್ ಕೊಳ್ಳುವ ಆಲೋಚನೆಯೂ ನನಗೆ ಸರಿಕಾಣುವುದಿಲ್ಲ. ಫೋನಿಗೆಂದು ಈಗಾಗಲೇ ಮನೆಯಲ್ಲಿ ಪ್ಯಾಡ್ ಇದ್ದರೆ ಕೇಸ್ ಅದರ ಜೊತೆ ಹಂಚಿಕೊಳ್ಳಲಿ.

ನನ್ನನ್ನು ಕಾಡುವುದು ಸೋರಿಕೆಯಲ್ಲ, ಸೋರಿದ್ದು ಏನಾಗುತ್ತದೆ ಎಂಬುದು. ಅದು ಬಿಸಿಯಾಗುತ್ತದೆ. ಆ ಬಿಸಿಯಲ್ಲಿ ಒಂದು ಪಾಲು ಹುಟ್ಟುವುದು ಕೇಸಿನ ಒಳಗೇ, ಬ್ಯಾಟರಿಯ ಮಗ್ಗುಲಲ್ಲೇ. ಲಿಥಿಯಮ್ ಅಯಾನ್ ಬ್ಯಾಟರಿಗೆ ಬಿಸಿಗಿಂತ ದೊಡ್ಡ ಶತ್ರು ಇಲ್ಲ. 1991ರಲ್ಲಿ ಇದು ಮೊದಲು ಮಾರುಕಟ್ಟೆಗೆ ಬಂದ ದಿನದಿಂದ ಇವತ್ತಿನವರೆಗೂ ಎಷ್ಟೋ ಸುಧಾರಣೆ ಕಂಡಿದೆ, 2019ರಲ್ಲಿ ಇದನ್ನು ರೂಪಿಸಿದ ಮೂವರಿಗೆ ನೊಬೆಲ್ ಪ್ರಶಸ್ತಿಯೂ ಬಂತು, ಆದರೆ ಈ ಸ್ವಭಾವ ಮಾತ್ರ ಹೋಗಿಲ್ಲ. ಪೂರ್ತಿ ತುಂಬಿದ ಬ್ಯಾಟರಿಯನ್ನು ಬಿಸಿಯಲ್ಲಿ ಇಟ್ಟರೆ ಒಳಗಿನ ರಾಸಾಯನಿಕಗಳು ತಮ್ಮಷ್ಟಕ್ಕೆ ತಾವೇ ಸವೆಯುತ್ತವೆ. ನೀವು ಹಾಡು ಕೇಳದಿದ್ದರೂ ಆಯಸ್ಸು ಕರಗುತ್ತಿರುತ್ತದೆ. ಸಾಮಾನ್ಯವಾಗಿ ಈ ಬ್ಯಾಟರಿಗಳನ್ನು ಚಾರ್ಜ್ ಮಾಡಬಹುದಾದ ಶಾಖದ ಮಿತಿ 0ಯಿಂದ 45 ಡಿಗ್ರಿ ಸೆಲ್ಸಿಯಸ್.

ಇಲ್ಲಿ ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಕೇಸ್ ಎಳೆದುಕೊಳ್ಳುವುದು ಒಂದೆರಡು ವ್ಯಾಟ್, ನೆರಳಿನಲ್ಲಿರುವ ಮೇಜಿನ ಮೇಲೆ ಅದು ಕೈಗೆ ಬೆಚ್ಚಗಾಗುತ್ತದೆ ಅಷ್ಟೆ. ಕಷ್ಟ ಬರುವುದು ಪ್ಯಾಡನ್ನು ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲೆ ಇಟ್ಟಾಗ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಾಗ, ಹಾಸಿಗೆಯ ಮೇಲೆ ದಿಂಬಿನ ಪಕ್ಕ ಇಟ್ಟಾಗ. ಇನ್ನೂ ಒಂದು: ಕೇಸ್ ಸುರುಳಿಯ ನೇರಕ್ಕೆ ಕೂರದೆ ಅರ್ಧ ಜರುಗಿದ್ದರೆ ಸೋರಿಕೆ ಹೆಚ್ಚು, ಬಿಸಿಯೂ ಹೆಚ್ಚು. ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಹಿಡಿದುಕೊಳ್ಳಲು ಹಿತವಾಗದಷ್ಟು ಬಿಸಿ ಇದ್ದರೆ ಸರಿಸಿ ಇಡಿ, ಅಥವಾ ಕೇಬಲ್‌ಗೆ ಹಾಕಿ.

ಫೋನಿನ ಬೆನ್ನ ಮೇಲೆ ಕೇಸ್ ಇಟ್ಟು ಚಾರ್ಜ್ ಮಾಡುವ ಸೌಲಭ್ಯವನ್ನು ಕೆಲವರು ಕೇಳಿದ್ದೀರಿ. 2018, 2019ರ ಸುಮಾರಿಗೆ ಕೆಲವು ದುಬಾರಿ ಫೋನ್‌ಗಳಲ್ಲಿ ಅದು ಬಂತು. ತುರ್ತಿಗೆ ಅದು ದೇವರು ಕೊಟ್ಟಂತೆ. ದಿನನಿತ್ಯಕ್ಕೆ ಬೇಡ. ಫೋನಿನ ಬ್ಯಾಟರಿಯಿಂದ ತೆಗೆದು, ಎರಡು ಸುರುಳಿ ದಾಟಿಸಿ, ಇನ್ನೊಂದು ಬ್ಯಾಟರಿಗೆ ತುಂಬುವಾಗ ಎರಡೂ ಬಿಸಿಯಾಗುತ್ತವೆ, ಎರಡೂ ಸವೆಯುತ್ತವೆ. ಫೋನಿನ ಯುಎಸ್‌ಬಿ ಸಿ ಪೋರ್ಟಿನಿಂದ, ಅಂದರೆ ಕೇಬಲ್ ಚುಚ್ಚುವ ತೂತಿನಿಂದ, ಕೇಸಿಗೆ ಒಂದು ಗೇಣುದ್ದದ ಕೇಬಲ್ ಹಾಕಿದರೂ ಇಂದಿನ ಅನೇಕ ಫೋನ್‌ಗಳು ಅದೇ ಕೆಲಸ ಮಾಡುತ್ತವೆ, ಕಡಿಮೆ ನಷ್ಟದಲ್ಲಿ.

ವೇಗದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕೇಬಲ್ ವೇಗ, ಪ್ಯಾಡ್ ನಿಧಾನ; ಆದರೆ ಇಯರ್‌ಬಡ್‌ನಲ್ಲಿ ಅದು ಅಷ್ಟಾಗಿ ತಟ್ಟುವುದಿಲ್ಲ. ನಿಮಗೆ ಅವಸರ ಇರುವಾಗ ತುಂಬಬೇಕಾಗಿರುವುದು ಬಡ್, ಕೇಸಲ್ಲ. ಬಡ್‌ಗೆ ತುಂಬುವುದು ಕೇಸಿನ ಬ್ಯಾಟರಿ, ಪಿನ್‌ಗಳ ಮೂಲಕ. ಕೇಸಿನಲ್ಲಿ ಚಾರ್ಜ್ ಉಳಿದಿದ್ದರೆ ಐದು ಹತ್ತು ನಿಮಿಷದಲ್ಲಿ ಒಂದು ಗಂಟೆಯ ಮಾತುಕತೆಗೆ ಆಗುವಷ್ಟು ಬಡ್‌ಗೆ ಬರುತ್ತದೆ, ಕೇಸ್ ಎಲ್ಲಿಂದ ತುಂಬಿಸಿಕೊಂಡಿತ್ತು ಎಂಬುದು ಆಗ ಲೆಕ್ಕಕ್ಕೇ ಬರುವುದಿಲ್ಲ.

ಹೆಡ್‌ಫೋನ್ ಕತೆ ಬೇರೆ. ಅದರ ಬ್ಯಾಟರಿ ದೊಡ್ಡದು, ಹಲವು ಮಾದರಿಗಳಲ್ಲಿ ಒಮ್ಮೆ ತುಂಬಿದರೆ 30 ಗಂಟೆ ನಡೆಯುತ್ತದೆ. ವಾರಕ್ಕೊಮ್ಮೆ ಚಾರ್ಜ್ ಮಾಡುವ ವಸ್ತುವಿಗೆ ಪ್ಯಾಡಿನ ಸುಖ ಎಷ್ಟು ಸಿಕ್ಕೀತು? ಆಕಾರವೂ ಒಗ್ಗುವುದಿಲ್ಲ. ಪ್ಯಾಡಿಗೆ ಬೇಕಾದದ್ದು ಸಮತಟ್ಟಾದ ಮೈ, ಕೆಲವೇ ಮಿಲಿಮೀಟರ್ ಅಂತರ. ಹೆಡ್‌ಫೋನ್ ಎಂದರೆ ಎರಡು ಉಬ್ಬಿದ ಬಟ್ಟಲು, ನಡುವೆ ಒಂದು ಬಿಲ್ಲು. ಅದಕ್ಕೇ ಹೆಸರಾಂತ ಹೆಡ್‌ಫೋನ್‌ಗಳಲ್ಲಿ ಈ ಸೌಲಭ್ಯ ಕಾಣುವುದು ಅಪರೂಪ. ತೂಗುಹಾಕಿದರೆ ಚಾರ್ಜ್ ಆಗುವ ನಿಲುಗಡೆಗಳು ಕೆಲವಕ್ಕೆ ಇವೆ; ಅವುಗಳಲ್ಲಿ ಹೆಚ್ಚಿನವು ಸುರುಳಿಯಿಂದ ಅಲ್ಲ, ಲೋಹದ ಬಿಂದುಗಳ ಸ್ಪರ್ಶದಿಂದ ಕೆಲಸ ಮಾಡುತ್ತವೆ. ಟಿವಿ ನೋಡಲೆಂದು ಒಂದೇ ಜಾಗದಲ್ಲಿ ಬಳಸುವವರಿಗೆ ಅದು ತುಂಬಾ ಅನುಕೂಲ.

ಹೆಡ್‌ಫೋನ್‌ನಲ್ಲಿ ಕೇಬಲ್‌ನ ವೇಗ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ5 ಮಾದರಿಗೆ ತಕ್ಕ ಚಾರ್ಜರಿನಲ್ಲಿ 3 ನಿಮಿಷ ಹಾಕಿದರೆ 3 ಗಂಟೆ ಕೇಳಬಹುದು ಎಂದು ಕಂಪನಿ ಹೇಳುತ್ತದೆ. ಬಾಗಿಲ ಬಳಿ ನಿಂತು ಪಾದರಕ್ಷೆ ಹಾಕಿಕೊಳ್ಳುವಷ್ಟರಲ್ಲಿ ಪಯಣಕ್ಕೆ ಸಾಕಾಗುವಷ್ಟು. ಮೇಲಾಗಿ ಕೆಲವು ಹೆಡ್‌ಫೋನ್‌ಗಳಲ್ಲಿ ಅದೇ ಯುಎಸ್‌ಬಿ ಸಿ ಕೇಬಲ್ ಧ್ವನಿಯನ್ನೂ ಹೊತ್ತು ತರುತ್ತದೆ: ಚಾರ್ಜ್ ಆಗುತ್ತಲೇ, ಬ್ಲೂಟೂತ್ ಇಲ್ಲದೆ, ಧ್ವನಿಯ ಯಾವ ಅಂಶವೂ ಕಳೆಯದೆ ಕೇಳಬಹುದು. ಇನ್ನು ಕೆಲವು ಕೇಬಲ್ ಚುಚ್ಚಿದ ಕೂಡಲೇ ಮೌನವಾಗುತ್ತವೆ. ದಿನವಿಡೀ ಮೀಟಿಂಗ್‌ಗಳಲ್ಲಿ ಕೂರುವವರು ಕೊಳ್ಳುವ ಮುಂಚೆ ಈ ಒಂದು ಪ್ರಶ್ನೆಯನ್ನು ಖಂಡಿತ ಕೇಳಿ: ಚಾರ್ಜ್ ಆಗುವಾಗ ಬಳಸಬಹುದೇ?

ಇನ್ನು ಪೋರ್ಟ್. ನನ್ನ ಬಳಿ ಬರುವ ಕೇಸ್‌ಗಳಲ್ಲಿ ಹೆಚ್ಚಿನ ದೂರು ಇದರದ್ದೇ. ಯುಎಸ್‌ಬಿ ಸಿ ಪೋರ್ಟ್ 10,000 ಬಾರಿ ಚುಚ್ಚಿ ತೆಗೆಯುವುದನ್ನು ತಾಳಬೇಕು ಎಂಬುದು ನಿಯಮ. ದಿನಕ್ಕೊಮ್ಮೆ ಎಂದರೆ 27 ವರ್ಷ. ಆದ್ದರಿಂದ ‘ಚುಚ್ಚಿ ಚುಚ್ಚಿ ಸವೆಯುತ್ತದೆ, ಅದಕ್ಕೇ ವೈರ್‌ಲೆಸ್ ಒಳ್ಳೆಯದು’ ಎನ್ನುವ ಮಾತನ್ನು ನಂಬಬೇಡಿ. ಪೋರ್ಟ್ ಸವೆದು ಸಾಯುವುದಿಲ್ಲ. ಅದು ಸಾಯುವುದು ಕಸದಿಂದ, ಎಳೆತದಿಂದ, ಉಪ್ಪಿನಿಂದ. ಜೇಬಿನ ನೂಲಿನ ಎಳೆಗಳು ಒಳಗೆ ಸೇರಿ, ಪ್ರತಿ ಸಲ ಪ್ಲಗ್ ಅದನ್ನು ಇನ್ನಷ್ಟು ಒಳಕ್ಕೆ ತಳ್ಳಿ, ಕೊನೆಗೆ ಪ್ಲಗ್ ಪೂರ್ತಿ ಕೂರುವುದೇ ಇಲ್ಲ. ಅಥವಾ ಯಾರೋ ಕೇಬಲ್‌ಗೆ ಕಾಲು ತಗುಲಿಸುತ್ತಾರೆ, ಕೇಸ್ ನೆಲಕ್ಕೆ ಬೀಳುತ್ತದೆ, ಒಳಗಿನ ಬೆಸುಗೆ ಬಿಟ್ಟುಕೊಳ್ಳುತ್ತದೆ. ಅಥವಾ ವ್ಯಾಯಾಮ ಮುಗಿಸಿ ಬೆವರಿನ ಕೈಯಲ್ಲೇ ಚಾರ್ಜ್‌ಗೆ ಹಾಕುತ್ತಾರೆ. ಉಪ್ಪುನೀರಿನ ಜೊತೆ ವಿದ್ಯುತ್ತು ಸೇರಿದರೆ ಲೋಹ ಹಸಿರುಗಟ್ಟಲು ಹೆಚ್ಚು ದಿನ ಬೇಡ.

ಪ್ಯಾಡಿನ ನಿಜವಾದ ಬೆಲೆ ನನಗೆ ತಿಳಿದದ್ದು ಇಲ್ಲೇ. ಒಬ್ಬ ವಿದ್ಯಾರ್ಥಿ ಪೋರ್ಟ್ ಕಿತ್ತುಹೋದ ಕೇಸ್ ತಂದಿದ್ದ. ಬೆಸುಗೆಯ ಜೊತೆ ಒಳಗಿನ ಸರ್ಕ್ಯೂಟ್ ಹಲಗೆಯ ತಾಮ್ರದ ಪದರವೂ ಎದ್ದುಬಂದಿತ್ತು, ನನ್ನ ಕೈಯಲ್ಲಿ ಆಗುವ ಕೆಲಸ ಆಗಿರಲಿಲ್ಲ. ಸುಮ್ಮನೆ ಪ್ಯಾಡ್ ಮೇಲೆ ಇಟ್ಟು ನೋಡಿದೆ. ದೀಪ ಹತ್ತಿತು. ಅವನಿಗೆ ತನ್ನ ಕೇಸಿನಲ್ಲಿ ಆ ಸೌಲಭ್ಯ ಇದೆ ಎಂಬುದೇ ಗೊತ್ತಿರಲಿಲ್ಲ. ಆ ಇಯರ್‌ಬಡ್ ಆಮೇಲೆ ಬ್ಯಾಟರಿ ಮುಪ್ಪಾಗುವವರೆಗೂ ನಡೆಯಿತು. ಎರಡನೆಯ ಬಾಗಿಲು ಇದ್ದದ್ದರಿಂದ ಒಂದು ವಸ್ತು ಕಸದ ಬುಟ್ಟಿಗೆ ಹೋಗುವುದು ತಪ್ಪಿತು. ಪ್ಯಾಡ್ ಇದ್ದರೆ ಒಳ್ಳೆಯದು ಎಂದು ನಾನು ಹೇಳುವುದು ಈ ಕಾರಣಕ್ಕೆ. ವೇಗಕ್ಕಲ್ಲ, ಅಂದಕ್ಕೂ ಅಲ್ಲ.

ಹಾಗಾದರೆ ಹಲ್ಲುಜ್ಜುವ ಬ್ರಷ್ಷಿನಂತೆ ಪೋರ್ಟೇ ಇಲ್ಲದೆ ಮುಚ್ಚಿಬಿಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ನನಗೆ ಅದು ಬೇಡ. ಬ್ರಷ್ ಮನೆ ಬಿಟ್ಟು ಹೋಗುವುದಿಲ್ಲ, ಇಯರ್‌ಬಡ್ ನಿಮ್ಮ ಜೊತೆ ಊರೂರು ತಿರುಗುತ್ತದೆ. ಯಾರ ಮನೆಗೆ ಹೋದರೂ ಒಂದು ಕೇಬಲ್ ಸಿಗುತ್ತದೆ, ಪ್ಯಾಡ್ ಸಿಗುವುದಿಲ್ಲ. ಐರೋಪ್ಯ ಒಕ್ಕೂಟ ಕೇಬಲ್‌ನಿಂದ ಚಾರ್ಜ್ ಆಗುವ ಫೋನ್, ಹೆಡ್‌ಫೋನ್, ಇಯರ್‌ಬಡ್‌ಗಳಿಗೆಲ್ಲ ಯುಎಸ್‌ಬಿ ಸಿ ಪೋರ್ಟನ್ನೇ ಕಡ್ಡಾಯ ಮಾಡಿತು; 2024ರ ಡಿಸೆಂಬರ್ 28ರಿಂದ ಅದು ಜಾರಿಯಲ್ಲಿದೆ. ಎಷ್ಟೋ ವರ್ಷಗಳ ಗೊಂದಲಕ್ಕೆ ಕೊನೆ ಬಂದಿದೆ. ಈ ಹೊತ್ತಿನಲ್ಲಿ ಆ ಬಾಗಿಲನ್ನು ಮುಚ್ಚುವುದು ನಷ್ಟ.

ಯುಎಸ್‌ಬಿ ಸಿ ಎಂದ ಕೂಡಲೇ ಇನ್ನೊಂದು ತೊಡಕನ್ನು ಹೇಳಬೇಕು. ಇದರಿಂದ ಒಳ್ಳೆಯ ಇಯರ್‌ಬಡ್‌ಗಳೂ ಸುಮ್ಮನೆ ‘ಕೆಟ್ಟಿವೆ’ ಎನಿಸಿಕೊಳ್ಳುತ್ತವೆ. ಒಬ್ಬರು ಹೊಸ ಇಯರ್‌ಬಡ್ ತಂದು, ಇದು ಚಾರ್ಜೇ ಆಗುವುದಿಲ್ಲ ಎಂದರು. ನನ್ನ ಹಳೆಯ ಚಾರ್ಜರಿಗೆ ಹಾಕಿದರೆ ಆಗುತ್ತಿತ್ತು, ಅವರ ಹೊಸ ದುಬಾರಿ ಚಾರ್ಜರಿಗೆ ಹಾಕಿದರೆ ಆಗುತ್ತಿರಲಿಲ್ಲ. ಕಾರಣ ಹೀಗಿದೆ. ಹಳೆಯ ಅಗಲ ಬಾಯಿಯ ಯುಎಸ್‌ಬಿ ಚಾರ್ಜರಿನಲ್ಲಿ 5 ವೋಲ್ಟ್ ಯಾವಾಗಲೂ ಹರಿಯಲು ಸಿದ್ಧವಾಗಿ ನಿಂತಿರುತ್ತದೆ. ಎರಡೂ ತುದಿ ಸಿ ಇರುವ ಕೇಬಲ್‌ನಲ್ಲಿ ಹಾಗಲ್ಲ. ಆಚೆ ತುದಿಯಲ್ಲಿ ವಿದ್ಯುತ್ತು ಬೇಡುವವರು ಇದ್ದಾರೆ ಎಂಬ ಗುರುತು ಸಿಗುವವರೆಗೆ ಚಾರ್ಜರ್ ಬಾಗಿಲು ತೆರೆಯುವುದಿಲ್ಲ. ಆ ಗುರುತು ಕೇಸಿನೊಳಗೆ ಇರಬೇಕಾದ 5.1 ಕಿಲೋ ಓಮ್‌ನ ಪುಟ್ಟ ರೆಸಿಸ್ಟರ್, ವಿದ್ಯುತ್ತಿನ ಹರಿವಿಗೆ ತಡೆ ಒಡ್ಡುವ ಬಿಡಿಭಾಗ. ಅಗ್ಗದ ತಯಾರಿಕೆಗಳಲ್ಲಿ ಅದನ್ನು ಹಾಕದೆ ಬಿಟ್ಟಿರುತ್ತಾರೆ. ಸಾಸಿವೆಗಿಂತ ಚಿಕ್ಕದಾದ ಒಂದು ಬಿಡಿಭಾಗವನ್ನು ಉಳಿಸಲು ಹೋಗಿ ಕೊಂಡವರಿಗೆ ಇಷ್ಟೊಂದು ಗೋಳು ಕೊಡುವುದು ನನಗೆ ಸಹಿಸಲಾಗದ ಸಂಗತಿ. ನಿಮ್ಮ ಕೇಸ್ ಹೊಸ ಚಾರ್ಜರಿನಲ್ಲಿ ಸತ್ತಂತೆ ಬಿದ್ದಿದ್ದರೆ ಎಸೆಯಬೇಡಿ. ಒಂದು ತುದಿ ಅಗಲ, ಇನ್ನೊಂದು ತುದಿ ಸಿ ಇರುವ ಹಳೆಯ ಕೇಬಲ್‌ನಲ್ಲಿ ಒಮ್ಮೆ ಹಾಕಿ ನೋಡಿ.

ಪ್ಯಾಡಿಗೂ ಅದರದೇ ತೊಡಕು ಇದೆ. ಅನೇಕ ಪ್ಯಾಡ್‌ಗಳನ್ನು ಫೋನಿನ ಅಳತೆಗೆ ಮಾಡಿರುತ್ತಾರೆ. ಫೋನನ್ನು ನಿಲ್ಲಿಸಿಡುವ ಓರೆ ಸ್ಟ್ಯಾಂಡ್‌ನಲ್ಲಿ ಸುರುಳಿ ಮೇಲಿರುತ್ತದೆ, ನಿಮ್ಮ ಕೇಸ್ ಕೆಳಗೆ ಕೂರುತ್ತದೆ, ಎರಡೂ ಭೇಟಿಯಾಗುವುದೇ ಇಲ್ಲ. ಕೇಸಿನ ಸುರುಳಿ ಕೆಲವದರಲ್ಲಿ ತಳದಲ್ಲಿದೆ, ಕೆಲವದರಲ್ಲಿ ಬೆನ್ನಿನಲ್ಲಿದೆ. ಹಾಗಾಗಿ ಕೆಲವನ್ನು ನಿಲ್ಲಿಸಬೇಕು, ಕೆಲವನ್ನು ಮಲಗಿಸಬೇಕು. ರಾತ್ರಿ ಇಟ್ಟು ಬೆಳಿಗ್ಗೆ ಎದ್ದಾಗ ಖಾಲಿ ಇರುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ಇಟ್ಟ ಮೇಲೆ ದೀಪ ಹತ್ತಿತೇ ಎಂದು ನೋಡಿಯೇ ಕೈ ತೆಗೆಯಿರಿ. 2023ರಲ್ಲಿ ಬಂದ ‘ಚೀ 2’ ನಿಯಮದಲ್ಲಿ ಆಯಸ್ಕಾಂತದ ಉಂಗುರ ಸೇರಿಕೊಂಡಿದೆ, ಅದಿದ್ದರೆ ಎರಡೂ ತಾವಾಗಿಯೇ ನೇರಕ್ಕೆ ಬಂದು ಅಂಟುತ್ತವೆ. ಆದರೆ ಆಯಸ್ಕಾಂತ ಎರಡು ಕಡೆಯೂ ಇರಬೇಕು, ಪ್ಯಾಡಿನಲ್ಲಿ ಮಾತ್ರ ಇದ್ದರೆ ಸಾಲದು.

ಇಷ್ಟು ಹೊತ್ತು ಯಂತ್ರದ ಮಾತಾಯಿತು. ಆದರೆ ಪ್ಯಾಡೇ ಬೇಕು, ಕೇಬಲ್ ಆಗದು ಎನ್ನುವ ಜನರೂ ಇದ್ದಾರೆ, ಅವರ ಮಾತನ್ನು ಹೇಳದೆ ಮುಂದೆ ಹೋಗಲಾರೆ. ನನ್ನ ತಾಯಿಗೆ ಕೈ ನಡುಗುತ್ತದೆ, ಕಣ್ಣೂ ಮಂಜು. ರಾತ್ರಿ ಹೊತ್ತು ಪುರಾಣ ಪ್ರವಚನ ಕೇಳಲು ಇಯರ್‌ಬಡ್ ಬೇಕು. ಸಿ ಪ್ಲಗ್ಗಿಗೆ ತಲೆ ಬಾಲ ಇಲ್ಲ, ಹೇಗೆ ಹಾಕಿದರೂ ಆಗುತ್ತದೆ ಎಂದು ನಾನು ಧೈರ್ಯ ಹೇಳಿ ಕೇಬಲ್ ಕೊಟ್ಟಿದ್ದೆ. ಒಂದು ವಾರದ ಮೇಲೆ ಹೋದಾಗ ಇಯರ್‌ಬಡ್ ಖಾಲಿಯಾಗಿ ಬಿದ್ದಿತ್ತು. ಆ ಮೂರು ಮಿಲಿಮೀಟರ್‌ಗಿಂತ ಕಿರಿದಾದ ತೂತು ಅವರಿಗೆ ಸಿಗುತ್ತಿರಲಿಲ್ಲ, ಪ್ರತಿ ರಾತ್ರಿ ಯಾರನ್ನಾದರೂ ಕರೆಯಲು ಅವರ ಮನಸ್ಸು ಒಪ್ಪಿರಲಿಲ್ಲ. ಈಗ ಮಂಚದ ಪಕ್ಕ, ಅಂಚು ಕಟ್ಟಿದ ಒಂದು ತಟ್ಟೆಯ ನಡುವೆ ಪ್ಯಾಡನ್ನು ಅಂಟಿಸಿ ಕೊಟ್ಟಿದ್ದೇನೆ. ಕೇಸ್ ಎಲ್ಲಿ ಇಟ್ಟರೂ ಜಾರಿ ನಡುವಿಗೆ ಬರುತ್ತದೆ. ಅವರು ಯಾರನ್ನೂ ಕರೆಯಬೇಕಾಗಿಲ್ಲ. ಈ ಒಂದು ಸ್ವಾತಂತ್ರ್ಯದ ಮುಂದೆ ನಾನು ಮೇಲೆ ಹೇಳಿದ ಸೋರಿಕೆಯ ಲೆಕ್ಕವೆಲ್ಲ ಹಗುರ. ಶ್ರವಣ ಸಾಧನ ಬಳಸುವವರಿಗೆ ಇದು ಚೆನ್ನಾಗಿ ಗೊತ್ತು. ಗುಂಡಿಯಂಥ ಪುಟ್ಟ ಬ್ಯಾಟರಿಯನ್ನು ಕೆಲವೇ ದಿನಗಳಿಗೊಮ್ಮೆ ಬದಲಿಸುವ ಕಷ್ಟದಿಂದ ಪಾರಾಗಿ, ರಾತ್ರಿ ಡಬ್ಬಿಯಲ್ಲಿ ಇಟ್ಟರೆ ಬೆಳಿಗ್ಗೆ ಸಿದ್ಧ ಎಂಬಂತಾದಾಗ ವಯಸ್ಸಾದವರ ಬದುಕು ಎಷ್ಟು ಹಗುರಾಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೇಗೆ ಚಾರ್ಜ್ ಮಾಡಿದರೂ ಒಂದು ದಿನ ಬಡ್‌ನೊಳಗಿನ ಆ ಉಗುರಿನಷ್ಟರ ಬ್ಯಾಟರಿ ಸೋಲುತ್ತದೆ. ಕೇಸಿನದಕ್ಕಿಂತ ಮೊದಲು ಹೆಚ್ಚಾಗಿ ಅದೇ ಸೋಲುವುದು, ಯಾಕೆಂದರೆ ಕೇಸಿಗೆ ಹೋದಾಗಲೆಲ್ಲ ಅದು ಸಾಮಾನ್ಯವಾಗಿ ಶೇಕಡಾ 100ಕ್ಕೆ ತುಂಬಿಕೊಂಡು ಕೂರುತ್ತದೆ. ಅದನ್ನು ಬದಲಿಸಲು ಆಗದಂತೆ ಅಂಟು ಹಾಕಿ ಮುಚ್ಚಿರುತ್ತಾರೆ, ನನ್ನ ಕೆಲಸದಲ್ಲಿ ಅತಿ ಹೆಚ್ಚು ನೋವು ಕೊಡುವ ಸಂಗತಿ ಇದೇ. ಬದಲಿಸುವಂತೆ ಮಾಡಲು ಸಾಧ್ಯ ಎನ್ನುವುದನ್ನು ಫೇರ್‌ಫೋನ್ ಕಂಪನಿ 2024ರಲ್ಲಿ ತನ್ನ ಫೇರ್‌ಬಡ್ಸ್‌ನಲ್ಲಿ ತೋರಿಸಿಕೊಟ್ಟಿತು; ಬಡ್ ಮತ್ತು ಕೇಸ್ ಎರಡರ ಬ್ಯಾಟರಿಯನ್ನೂ ಬಳಸುವವರೇ ತೆಗೆದು ಹಾಕಬಹುದು. ನಿಮ್ಮ ಆಯ್ಕೆಯ ಪಟ್ಟಿಯಲ್ಲಿ ಕೇಬಲ್, ಪ್ಯಾಡ್‌ಗಿಂತ ಮೇಲೆ ಈ ಪ್ರಶ್ನೆ ಬರುವ ದಿನಕ್ಕಾಗಿ ನಾನು ಕಾಯುತ್ತಿದ್ದೇನೆ.

ಮುಂದಿನ ಸಾಲಿನಲ್ಲಿ ಕುಳಿತಿರುವ ಅಮ್ಮ ಆಗಲೇ ಕೇಳಿದ್ದರು: ಕೇಬಲ್‌ನಲ್ಲಿ ಹಾಕಿದರೂ ಪ್ಯಾಡ್ ಮೇಲೆ ಇಟ್ಟರೂ ಎಡಗಡೆಯದು ಮಾತ್ರ ಬೇಗ ಖಾಲಿಯಾಗುತ್ತದೆ, ಬ್ಯಾಟರಿ ಹೋಯಿತೇ ಎಂದು. ಕೊನೆಗೆ ನೋಡೋಣ ಎಂದಿದ್ದೆ. ಆ ಕೇಸ್ ಈಗ ನನ್ನ ಕೈಯಲ್ಲಿದೆ. ಎಡಗಡೆಯ ಗೂಡಿನ ತಳವನ್ನು ಟಾರ್ಚ್ ಬಿಟ್ಟು ನೋಡಿದರೆ ಒಂದು ಪಿನ್ ಮೇಲೆ ಕಂದು ಪೊರೆ ಕಾಣುತ್ತದೆ. ಕಿವಿಯ ಮೇಣವೂ ಬೆವರೂ ಸೇರಿ ಗಟ್ಟಿಯಾದದ್ದು. ಸೂಜಿ ಹಾಕಿ ಕೆರೆಯಬಾರದು, ಪಿನ್‌ನ ಮೇಲಿನ ಚಿನ್ನದ ಲೇಪ ಹೋಗುತ್ತದೆ. ಹತ್ತಿ ಸುತ್ತಿದ ಕಡ್ಡಿಯ ತುದಿಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್, ಮೆಲ್ಲಗೆ ಎರಡು ಸುತ್ತು. ಬಡ್‌ನ ಕೆಳಗಿನ ಬಿಂದುಗಳಿಗೂ ಅಷ್ಟೇ. ಆರಲು ಒಂದು ನಿಮಿಷ. ಈಗ ಇಟ್ಟೆ, ಎಡಗಡೆಯ ದೀಪ ಹತ್ತಿತು. ಅಮ್ಮ, ಇವತ್ತು ರಾತ್ರಿ ಪೂರ್ತಿ ತುಂಬಿಸಿ, ನಾಳೆ ಎರಡನ್ನೂ ಒಟ್ಟಿಗೆ ಹಾಕಿಕೊಂಡು ಒಂದು ಗಂಟೆ ಕೇಳಿ, ಆಮೇಲೆ ಫೋನಿನಲ್ಲಿ ಎರಡರ ಅಂಕಿಯನ್ನೂ ನೋಡಿ. ಅವು ಹತ್ತಿರ ಹತ್ತಿರ ಇದ್ದರೆ ನಿಮ್ಮ ಬ್ಯಾಟರಿಗೆ ಏನೂ ಆಗಿಲ್ಲ.